ಉದ್ಯೋಗ ಕಡಿತ ಮತ್ತು ಕರಗಿದ ನಿಷ್ಠೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಕಳೆದುಕೊಂಡವರು, ಕಳೆದುಕೊಳ್ಳುವ ಭಯದಲ್ಲಿರುವವರು ಮತ್ತು ಇತರರನ್ನು ಕೆಲಸದಿಂದ ತೆಗೆಯುವ ಹೊಣೆ ಹೊತ್ತವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಕೇಳುವ ದನಿ ಮಾತ್ರ ಬೇರೆ. ಇಲ್ಲಿನ ಉತ್ತರಗಳ ಹಿಂದೆ ಒಂದು ನಿಲುವಿದೆ ಮತ್ತು ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಪಿಂಚಣಿ, ಸೇವಾ ಹಿರಿತನ, ಒಳಗಿನಿಂದಲೇ ಸಿಗುತ್ತಿದ್ದ ಬಡ್ತಿ ಮತ್ತು ಕೆಲಸದ ಭದ್ರತೆ ಎಂಬ ನಾಲ್ಕು ಕಂಬಗಳ ಮೇಲೆ ನಿಷ್ಠೆ ನಿಂತಿತ್ತು. ಆ ಕಂಬಗಳನ್ನು ಮೊದಲು ಕಿತ್ತವರು ಮಾಲೀಕರು ಎಂಬುದೇ ಈ ಬರೆಹದ ನಿಲುವು.

ಲೇಆಫ್ ಎಂದರೆ ನಿಖರವಾಗಿ ಏನು? ವಜಾಕ್ಕೂ ಅದಕ್ಕೂ ಏನು ವ್ಯತ್ಯಾಸ?

ವಜಾ ಮಾಡುವಾಗ ಕಾರಣ ಆ ವ್ಯಕ್ತಿಯ ನಡತೆ ಅಥವಾ ಕೆಲಸದಲ್ಲಿ ಇರುತ್ತದೆ. ಲೇಆಫ್‌ನಲ್ಲಿ ಕಾರಣ ಸಂಸ್ಥೆಯ ಕಡೆಗಿರುತ್ತದೆ: ಬೇಡಿಕೆ ಇಳಿದಿದೆ, ವಿಭಾಗ ಮುಚ್ಚುತ್ತಿದೆ, ಹುದ್ದೆಯೇ ರದ್ದಾಗಿದೆ. ಈ ವ್ಯತ್ಯಾಸ ಕಾಗದದ ಮೇಲಿನದಷ್ಟೇ ಅಲ್ಲ, ಪರಿಹಾರಧನ, ಅನುಭವ ಪತ್ರ ಮತ್ತು ನಿರುದ್ಯೋಗ ಭತ್ಯೆ ಮುಂತಾದ ಹಕ್ಕುಗಳೆಲ್ಲ ಇದರ ಮೇಲೆಯೇ ನಿಂತಿವೆ.

ಈ ಪದ ನಡೆದುಬಂದ ದಾರಿ ಕುತೂಹಲಕರವಾದುದು. ಮೂಲದಲ್ಲಿ ಲೇಆಫ್ ಎಂದರೆ ತಾತ್ಕಾಲಿಕ ಬಿಡುವು. ಉಕ್ಕು ಮತ್ತು ಮೋಟಾರು ಕಾರ್ಖಾನೆಗಳಲ್ಲಿ ಬೇಡಿಕೆ ಕುಸಿದಾಗ ಕೆಲಸಗಾರರನ್ನು ಮನೆಗೆ ಕಳುಹಿಸಿ, ಮತ್ತೆ ಚೇತರಿಸಿಕೊಂಡಾಗ ಸೇವಾ ಹಿರಿತನದ ಕ್ರಮದಲ್ಲಿ ಕರೆಸಿಕೊಳ್ಳುತ್ತಿದ್ದರು. ಭಾರತದ ಕಾರ್ಮಿಕ ಕಾನೂನು ಇಂದಿಗೂ ಆ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ. ಅಲ್ಲಿ ಲೇಆಫ್ ತಾತ್ಕಾಲಿಕ, ಆ ಅವಧಿಗೆ ಅರ್ಧ ವೇತನ ಸಲ್ಲಬೇಕು. ಶಾಶ್ವತವಾಗಿ ತೆಗೆಯುವುದಕ್ಕೆ ರಿಟ್ರೆಂಚ್‌ಮೆಂಟ್ ಎಂಬ ಬೇರೆಯೇ ಪದವಿದೆ. ಕಚೇರಿಗಳ ಮಾತಿನಲ್ಲಿ ಮಾತ್ರ ಶಾಶ್ವತವಾದುದಕ್ಕೆ ತಾತ್ಕಾಲಿಕದ ಹೆಸರು ಅಂಟಿಕೊಂಡಿತು. ಆಮೇಲೆ ಅದೂ ಒರಟೆನಿಸಿತೋ ಏನೋ, ಪುನರ್ರಚನೆ, ರೈಟ್‌ಸೈಜಿಂಗ್, ಸಂಪನ್ಮೂಲಗಳ ಮರುಹೊಂದಾಣಿಕೆ ಎಂಬ ಮೆತ್ತನೆಯ ಪದಗಳು ಬಂದವು. ಪದ ಮೆತ್ತಗಾದಷ್ಟೂ ಅದರ ಹಿಂದಿರುವ ಸಂಖ್ಯೆ ದೊಡ್ಡದಿರುತ್ತದೆ ಎಂದು ಅನುಮಾನಿಸುವುದು ತಪ್ಪಾಗಲಾರದು.

ಹಿಂದೆ ನಿಷ್ಠೆ ನಿಜವಾಗಿಯೂ ಇತ್ತೇ, ಅಥವಾ ಅದು ನೆನಪು ಬಳಿದ ಬಣ್ಣವೇ?

ಎರಡೂ ಹೌದು. ಎರಡನೆಯ ಮಹಾಯುದ್ಧದ ನಂತರದ ಸುಮಾರು ಮೂರು ದಶಕಗಳಲ್ಲಿ ದೊಡ್ಡ ಕಂಪನಿಗಳು ಮತ್ತು ಅವುಗಳ ಕೆಲಸಗಾರರ ನಡುವೆ ಬರೆದಿಡದ ಒಂದು ಒಪ್ಪಂದ ಇದ್ದದ್ದು ನಿಜ. ಅಮೆರಿಕದ ಕಂಪ್ಯೂಟರ್ ಸಂಸ್ಥೆ ಐಬಿಎಂ ಆರ್ಥಿಕ ಕಾರಣಕ್ಕಾಗಿ ಯಾರನ್ನೂ ಮನೆಗೆ ಕಳುಹಿಸುವುದಿಲ್ಲ ಎಂಬುದನ್ನು ದಶಕಗಳ ಕಾಲ ತನ್ನ ಹೆಮ್ಮೆಯಾಗಿ ಇಟ್ಟುಕೊಂಡಿತ್ತು. ಒಂದು ಕೆಲಸ ಇಲ್ಲವಾದರೆ ಆ ವ್ಯಕ್ತಿಗೆ ಮತ್ತೊಂದನ್ನು ಕಲಿಸಿ, ಬೇರೆ ಊರಿಗೆ ವರ್ಗಾಯಿಸಿ ಉಳಿಸಿಕೊಳ್ಳುತ್ತಿತ್ತು. ಜಪಾನಿನ ದೊಡ್ಡ ಕಂಪನಿಗಳು ಓದು ಮುಗಿಸಿ ಬಂದವರನ್ನು ನೇರವಾಗಿ ಸೇರಿಸಿಕೊಂಡು, ವಯಸ್ಸು ಮತ್ತು ಸೇವಾವಧಿಗೆ ತಕ್ಕಂತೆ ಸಂಬಳ ಏರಿಸುತ್ತಾ ನಿವೃತ್ತಿಯವರೆಗೆ ಸಾಕುತ್ತಿದ್ದವು.

ಆದರೆ ಅದು ಔದಾರ್ಯದಿಂದ ಹುಟ್ಟಿದ್ದಲ್ಲ. ಜಪಾನಿನಲ್ಲಿ ಅದರ ಹಿಂದೆ ಕಹಿಯಾದ ಸಂಘರ್ಷಗಳಿದ್ದವು. 1950ರಲ್ಲಿ ಟೊಯೊಟಾ ಸಂಸ್ಥೆಯು ದಿವಾಳಿಯ ಅಂಚಿಗೆ ಬಂದು ಕೆಲಸಗಾರರನ್ನು ತೆಗೆಯಲು ಹೊರಟಾಗ ಮುಷ್ಕರ ಭುಗಿಲೆದ್ದು, ಕೊನೆಗೆ ಸಂಸ್ಥಾಪಕ ಕಿಇಚಿರೊ ಟೊಯೊಡಾ ಅವರೇ ಹೊಣೆ ಹೊತ್ತು ರಾಜೀನಾಮೆ ಕೊಡಬೇಕಾಯಿತು. ಅಂಥ ಪೆಟ್ಟುಗಳ ನಂತರವೇ ಕೆಲಸದ ಭದ್ರತೆ ಮತ್ತು ಉತ್ಪಾದನೆಯಲ್ಲಿ ಸಹಕಾರ ಎಂಬ ಕೊಡುಕೊಳ್ಳುವಿಕೆ ಗಟ್ಟಿಯಾಯಿತು. ಉಳಿದ ಕಡೆಗಳಲ್ಲೂ ಪ್ರಬಲ ಕಾರ್ಮಿಕ ಸಂಘಗಳು, ನುರಿತ ಕೆಲಸಗಾರರ ಕೊರತೆ ಮತ್ತು ಬೆಳೆಯುತ್ತಲೇ ಇದ್ದ ಮಾರುಕಟ್ಟೆ ಸೇರಿ ಮಾಲೀಕರನ್ನು ಆ ದಾರಿಗೆ ತಂದವು.

ಅಲ್ಲದೆ ಆ ಸುವರ್ಣಯುಗದ ನೆರಳು ಎಲ್ಲರ ಮೇಲೂ ಬೀಳಲಿಲ್ಲ. ಜಪಾನಿನ ಆಜೀವ ಉದ್ಯೋಗ ಸಿಕ್ಕಿದ್ದು ದೊಡ್ಡ ಕಂಪನಿಗಳ ಖಾಯಂ ನೌಕರರಿಗೆ, ಅವರಲ್ಲೂ ಮುಖ್ಯವಾಗಿ ಗಂಡಸರಿಗೆ. ಹೆಂಗಸರು ಮದುವೆಯಾದೊಡನೆ ಕೆಲಸ ಬಿಡಬೇಕೆಂಬ ನಿರೀಕ್ಷೆಯಿತ್ತು. ಸಣ್ಣ ಗುತ್ತಿಗೆದಾರರ ಬಳಿ ದುಡಿಯುತ್ತಿದ್ದವರು ಮೊದಲಿನಿಂದಲೂ ಮಳೆ ಬಂದಾಗ ನೆನೆದವರೇ. ಹಳೆಯ ಕಾಲವನ್ನು ನೆನೆದು ನಿಟ್ಟುಸಿರಿಡುವವರು ಈ ಅರ್ಧವನ್ನು ಮರೆಯುತ್ತಾರೆ.

ಹಾಗಾದರೆ ಆ ಒಪ್ಪಂದ ಮುರಿದದ್ದು ಯಾವಾಗ ಮತ್ತು ಏಕೆ?

ಒಂದೇ ದಿನಾಂಕವನ್ನು ಹೇಳಲಾಗದು, ಆದರೆ ದಾರಿಯುದ್ದಕ್ಕೂ ಮೈಲಿಗಲ್ಲುಗಳಿವೆ. 1970ರ ಸೆಪ್ಟೆಂಬರಿನಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ವ್ಯವಹಾರ ಸಂಸ್ಥೆಯ ಸಾಮಾಜಿಕ ಹೊಣೆ ಲಾಭವನ್ನು ಹೆಚ್ಚಿಸುವುದೇ ಎಂದು ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ವಾದಿಸಿದರು. ಆಗ ಅದು ಒಂದು ವಾದ ಮಾತ್ರವಾಗಿತ್ತು. ಹತ್ತೇ ವರ್ಷಗಳಲ್ಲಿ ಆಡಳಿತ ಮಂಡಳಿಗಳ ನಡೆಯಾಯಿತು. 1981ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮುಷ್ಕರ ಹೂಡಿದ್ದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಒಮ್ಮೆಲೇ ವಜಾ ಮಾಡಿದರು. ಸರ್ಕಾರವೇ ಹೀಗೆ ಮಾಡಬಹುದಾದರೆ ತಾವೇಕೆ ಹಿಂಜರಿಯಬೇಕು ಎಂಬ ಧೈರ್ಯ ಖಾಸಗಿ ಮಾಲೀಕರಿಗೂ ಬಂತು.

ಅದೇ ವರ್ಷ ಜನರಲ್ ಎಲೆಕ್ಟ್ರಿಕ್‌ನ ಚುಕ್ಕಾಣಿ ಹಿಡಿದ ಜಾಕ್ ವೆಲ್ಚ್, 1980ರ ಕೊನೆಯಲ್ಲಿ ಸುಮಾರು 4,11,000 ಇದ್ದ ನೌಕರರ ಸಂಖ್ಯೆಯನ್ನು 1985ರ ಕೊನೆಗೆ ಸುಮಾರು 2,99,000ಕ್ಕೆ ಇಳಿಸಿದರು. ಕಟ್ಟಡಗಳು ಹಾಗೆಯೇ ನಿಂತು ಜನ ಮಾತ್ರ ಮಾಯವಾಗುತ್ತಿದ್ದುದರಿಂದ, ನ್ಯೂಟ್ರಾನ್ ಬಾಂಬನ್ನು ನೆನಪಿಸಿಕೊಂಡು ಪತ್ರಿಕೆಗಳು ಅವರನ್ನು ನ್ಯೂಟ್ರಾನ್ ಜಾಕ್ ಎಂದು ಕರೆದವು. ಆದರೆ ಷೇರು ಪೇಟೆ ಅವರನ್ನು ಹೊತ್ತು ಮೆರೆಸಿತು. ಅದಕ್ಕೂ ಹಿಂದೆ ಕಂಪನಿಗಳು ಜನರನ್ನು ತೆಗೆಯುತ್ತಿದ್ದವು, ಆದರೆ ನಷ್ಟದ ಅನಿವಾರ್ಯತೆಯಾಗಿ, ಒಂದಿಷ್ಟು ನಾಚಿಕೆಯಿಂದ. ಆನಂತರ ಅದು ಸಮರ್ಥ ಆಡಳಿತದ ಲಕ್ಷಣವೆನಿಸಿತು. ಈ ನಾಚಿಕೆ ಹೋದದ್ದೇ ನಿಜವಾದ ತಿರುವು ಎಂಬುದು ಈ ಲೇಖಕರ ಅಭಿಪ್ರಾಯ.

ಜೊತೆಗೆ ಹಣದ ಹರಿವೂ ದಿಕ್ಕು ಬದಲಿಸಿತು. ಅಮೆರಿಕದಲ್ಲಿ 1978ರ ತೆರಿಗೆ ಕಾಯ್ದೆಯಿಂದ ಹುಟ್ಟಿದ ನಿವೃತ್ತಿ ಉಳಿತಾಯ ಯೋಜನೆ ಕ್ರಮೇಣ ಖಚಿತ ಪಿಂಚಣಿಯ ಜಾಗವನ್ನು ಆಕ್ರಮಿಸಿತು. ಪಿಂಚಣಿ ಇದ್ದಾಗ ಒಂದೇ ಕಡೆ ಮೂವತ್ತು ವರ್ಷ ದುಡಿದವನಿಗೆ ಲಾಭವಿತ್ತು. ಉಳಿತಾಯ ಖಾತೆಯನ್ನಾದರೋ ಹೋದಲ್ಲೆಲ್ಲ ಕೊಂಡೊಯ್ಯಬಹುದು. ಅದು ಕೆಲಸಗಾರನಿಗೆ ಸ್ವಾತಂತ್ರ್ಯವನ್ನೂ ಕೊಟ್ಟಿತು, ಉಳಿಯುವ ಕಾರಣವನ್ನೂ ಕಿತ್ತುಕೊಂಡಿತು. 1993ರಲ್ಲಿ ಹತ್ತು ಲಕ್ಷ ಡಾಲರ್ ಮೀರಿದ ಮೇಲಧಿಕಾರಿಗಳ ಸಂಬಳಕ್ಕೆ ಕಂಪನಿಗಳಿಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿಯನ್ನು ನಿಲ್ಲಿಸಿ, ಸಾಧನೆ ಆಧಾರಿತ ಸಂಭಾವನೆಗೆ ಮಾತ್ರ ಉಳಿಸಿದಾಗ, ಮೇಲಧಿಕಾರಿಗಳ ಗಳಿಕೆ ಷೇರಿನ ಬೆಲೆಗೆ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಿತು. ಅದೇ ವರ್ಷ ಐಬಿಎಂ ಸುಮಾರು 60,000 ಹುದ್ದೆಗಳನ್ನು ಕಡಿತ ಮಾಡಿತು, ಅದರ ಹಳೆಯ ವ್ರತ ಅಲ್ಲಿಗೆ ಮುಗಿಯಿತು.

ಜಪಾನಿನಲ್ಲಿ ಆ ಗಳಿಗೆ 1997ರ ನವೆಂಬರಿನಲ್ಲಿ ಬಂತು. ಯಮಾಯಿಚಿ ಸೆಕ್ಯುರಿಟೀಸ್ ಎಂಬ ದೊಡ್ಡ ಷೇರು ದಲ್ಲಾಳಿ ಸಂಸ್ಥೆ ಕುಸಿದು ಬಿದ್ದಾಗ ಅದರ ಅಧ್ಯಕ್ಷರು ಸುದ್ದಿಗೋಷ್ಠಿಯಲ್ಲಿ ಎದ್ದು ನಿಂತು, ತಪ್ಪು ನಮ್ಮದು, ನೌಕರರದ್ದಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತರು. ಇಂದು ವಿಡಿಯೊ ಕರೆಯಲ್ಲಿ ಬರೆದುಕೊಟ್ಟ ನಾಲ್ಕು ಸಾಲು ಓದಿ ಮುಗಿಸುವ ಅಧಿಕಾರಿಗಳನ್ನು ಕಂಡವರಿಗೆ ಆ ದೃಶ್ಯ ಬೇರೊಂದು ಲೋಕದ್ದೆನಿಸಬಹುದು.

ಲಾಭದಲ್ಲಿರುವ ಕಂಪನಿಗಳೂ ಏಕೆ ಜನರನ್ನು ತೆಗೆಯುತ್ತವೆ?

ಹೆಚ್ಚು ಸಿಟ್ಟಿನಿಂದ ಕೇಳುವ ಪ್ರಶ್ನೆ ಇದು, ಸಿಟ್ಟಿಗೆ ಆಧಾರವೂ ಇದೆ. 2022ರ ನವೆಂಬರಿನಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 11,000 ಮಂದಿಯನ್ನು, ಎಂದರೆ ತನ್ನ ನೌಕರರಲ್ಲಿ ಸುಮಾರು ಶೇ. 13ರಷ್ಟನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 12,000, ಮೈಕ್ರೋಸಾಫ್ಟ್ 10,000 ಮತ್ತು ಅಮೆಜಾನ್ 18,000 ಹುದ್ದೆಗಳ ಕಡಿತವನ್ನು ಘೋಷಿಸಿದವು. ಆಲ್ಫಾಬೆಟ್ ಅದರ ಹಿಂದಿನ ವರ್ಷ ಗಳಿಸಿದ್ದ ನಿವ್ವಳ ಲಾಭ ಸುಮಾರು 6,000 ಕೋಟಿ ಡಾಲರ್.

ಕಾರಣಗಳು ಒಂದರ ಮೇಲೊಂದು ಕೂತಿವೆ. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲಿ ಕುಳಿತು ಪರದೆಯ ಮುಂದೆ ಕಳೆದ ಸಮಯವನ್ನೇ ಶಾಶ್ವತ ಬೇಡಿಕೆ ಎಂದು ಭಾವಿಸಿ ಈ ಕಂಪನಿಗಳು ವಿಪರೀತ ನೇಮಕ ಮಾಡಿಕೊಂಡಿದ್ದವು. ಅಮೆಜಾನ್‌ನ ನೌಕರರ ಸಂಖ್ಯೆ 2019ರ ಕೊನೆಯಲ್ಲಿ ಸುಮಾರು 8 ಲಕ್ಷವಿದ್ದದ್ದು ಎರಡೇ ವರ್ಷಗಳಲ್ಲಿ 16 ಲಕ್ಷವಾಯಿತು. ಸೊನ್ನೆಯ ಹತ್ತಿರವಿದ್ದ ಅಮೆರಿಕದ ಬಡ್ಡಿದರ 2022ರ ಮಾರ್ಚಿನಿಂದ ಏರತೊಡಗಿ 2023ರ ಜುಲೈ ಹೊತ್ತಿಗೆ ಶೇ. 5 ದಾಟಿತು. ಹಣ ಅಗ್ಗವಾಗಿದ್ದಾಗ ಬೆಳವಣಿಗೆಯನ್ನು ಮೆಚ್ಚುತ್ತಿದ್ದ ಹೂಡಿಕೆದಾರರು ಹಣ ತುಟ್ಟಿಯಾದಾಗ ಲಾಭದ ಅನುಪಾತವನ್ನು ಕೇಳತೊಡಗಿದರು.

ಇವೆರಡರ ಜೊತೆಗೆ ಅನುಕರಣೆಯೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆಫ್ರಿ ಫೆಫರ್ ಈ ಅಲೆಯನ್ನು ಸಾಮಾಜಿಕ ಸೋಂಕು ಎಂದು ಕರೆದರು. ಪಕ್ಕದ ಕಂಪನಿ ತೆಗೆದಾಗ ತಾನೂ ತೆಗೆಯದಿದ್ದರೆ ನಿರ್ದೇಶಕರು ಏಕೆಂದು ಕೇಳುತ್ತಾರೆ. ಎಲ್ಲರ ಜೊತೆ ತೆಗೆದರೆ ಯಾರೂ ಏನೂ ಕೇಳುವುದಿಲ್ಲ. ಕುರಿಮಂದೆಯ ಗುಣ ಕುರಿಗಳಿಗೆ ಮಾತ್ರ ಸೀಮಿತವೇನಲ್ಲ. ಇನ್ನು, ನೇಮಕದ ಅಂದಾಜಿನಲ್ಲಿ ತಪ್ಪಿದವರು ಮೇಲಧಿಕಾರಿಗಳು, ಅದಕ್ಕೆ ತಲೆ ಕೊಟ್ಟವರು ಕೆಳಗಿನವರು. ಇದರ ಹೊಣೆ ನನ್ನದು ಎಂಬ ವಾಕ್ಯ ಆ ದಿನಗಳ ಹಲವು ಪ್ರಕಟಣೆಗಳಲ್ಲಿತ್ತು, ಆದರೆ ಹೊಣೆ ಹೊತ್ತವರು ಯಾರೂ ತಮ್ಮ ಕುರ್ಚಿಯಿಂದ ಇಳಿಯಲಿಲ್ಲ.

ಇದರಿಂದ ಕಂಪನಿಗಾದರೂ ಲಾಭವಿದೆಯೇ?

ಮುಂದಿನ ತ್ರೈಮಾಸಿಕದ ಲೆಕ್ಕದಲ್ಲಿ ಉಂಟು, ಅದರಾಚೆಗೆ ಅನುಮಾನ. ಉದ್ಯೋಗ ಕಡಿತದ ಪರಿಣಾಮಗಳನ್ನು ಹಲವು ದಶಕ ಅಧ್ಯಯನ ಮಾಡಿದ ವೇಯ್ನ್ ಕ್ಯಾಸಿಯೊ ಅವರ ಸಂಶೋಧನೆಗಳ ಸಾರವೆಂದರೆ, ಬರಿ ಜನರನ್ನು ಕಡಿಮೆ ಮಾಡಿದ ಕಂಪನಿಗಳು ತಮ್ಮ ಸಾಲಿನ ಇತರ ಕಂಪನಿಗಳಿಗಿಂತ ದೀರ್ಘಕಾಲದಲ್ಲಿ ಹೆಚ್ಚು ಲಾಭ ಗಳಿಸಿದ್ದು ಕಾಣುವುದಿಲ್ಲ. ಚಾರ್ಲಿ ಟ್ರೆವರ್ ಮತ್ತು ಆಂಥೊನಿ ನೈಬರ್ಗ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂಪನಿಯು ಶೇ. 1ರಷ್ಟು ಜನರನ್ನು ತೆಗೆದರೆ ಸ್ವಇಚ್ಛೆಯಿಂದ ಬಿಟ್ಟುಹೋಗುವವರ ಪ್ರಮಾಣ ಸರಾಸರಿ ಶೇ. 31ರಷ್ಟು ಏರುತ್ತದೆ. ಹಾಗೆ ಮೊದಲು ಹೊರಡುವವರು ಬೇರೆಡೆ ಸುಲಭವಾಗಿ ಕೆಲಸ ಸಿಗುವವರು, ಎಂದರೆ ಕಂಪನಿ ಉಳಿಸಿಕೊಳ್ಳಬೇಕೆಂದಿದ್ದವರೇ.

ಲೆಕ್ಕಪುಸ್ತಕದಲ್ಲಿ ಕಾಣದ ವೆಚ್ಚಗಳು ಬೇರೆ ಇವೆ. ಹಳೆಯ ಯಂತ್ರಾಂಶ ಏಕೆ ಹಾಗೆ ವರ್ತಿಸುತ್ತದೆ, ಯಾವ ಗ್ರಾಹಕನಿಗೆ ಯಾವ ಮಾತು ಕೊಡಲಾಗಿತ್ತು, ಕೋಡ್‌ನ ಯಾವ ಸಾಲನ್ನು ಮುಟ್ಟಿದರೆ ಎಲ್ಲಿ ಕುಸಿಯುತ್ತದೆ ಎಂಬುದೆಲ್ಲ ಯಾರದೋ ತಲೆಯಲ್ಲಿರುತ್ತದೆ. ಆ ತಲೆ ಹೊರಗೆ ಹೋದ ಮೇಲೆ ಅದೇ ವ್ಯಕ್ತಿಯನ್ನು ದುಪ್ಪಟ್ಟು ಹಣ ಕೊಟ್ಟು ಸಲಹೆಗಾರನೆಂದು ಕರೆಸಿಕೊಂಡ ಉದಾಹರಣೆಗಳು ಎಲ್ಲ ಉದ್ಯಮಗಳಲ್ಲೂ ಸಿಗುತ್ತವೆ. ಆದರೂ ಒಂದು ಮಾತನ್ನು ಒಪ್ಪಬೇಕು. ತಯಾರಿಸುವ ವಸ್ತುವೇ ಯಾರಿಗೂ ಬೇಡವಾದಾಗ, ಕಂಪನಿಯೇ ಮುಳುಗುತ್ತಿರುವಾಗ, ಕೆಲವರನ್ನು ಕಳುಹಿಸಿ ಉಳಿದವರನ್ನು ಉಳಿಸುವುದು ತಪ್ಪಲ್ಲ. ಆಕ್ಷೇಪವಿರುವುದು ಅದು ಕೊನೆಯ ಉಪಾಯದಿಂದ ಮೊದಲ ಉಪಾಯಕ್ಕೆ ಏರಿದ್ದರ ಬಗ್ಗೆ.

ಚೆನ್ನಾಗಿ ಕೆಲಸ ಮಾಡುವವರ ಹೆಸರೂ ಪಟ್ಟಿಯಲ್ಲಿ ಏಕೆ ಇರುತ್ತದೆ?

ಪಟ್ಟಿ ಹುಟ್ಟುವ ಕ್ರಮ ತಿಳಿದರೆ ಇದು ಅರ್ಥವಾಗುತ್ತದೆ. ಮೊದಲು ಬರುವುದು ಹೆಸರುಗಳಲ್ಲ, ಒಂದು ಮೊತ್ತ. ಹಣಕಾಸು ವಿಭಾಗವು ಉಳಿಸಬೇಕಾದ ಹಣವನ್ನು ನಿಗದಿ ಮಾಡುತ್ತದೆ, ಅದು ವಿಭಾಗಗಳಿಗೆ ಶೇಕಡಾವಾರು ಹಂಚಿಕೆಯಾಗುತ್ತದೆ, ಆಮೇಲೆ ಕೋಷ್ಟಕದ ಸಾಲುಗಳಲ್ಲಿ ಹೆಸರು ಹುಡುಕುವ ಕೆಲಸ ಶುರುವಾಗುತ್ತದೆ. ಹೆಚ್ಚು ಸಂಬಳದ ಒಬ್ಬರನ್ನು ತೆಗೆದರೆ ಕಡಿಮೆ ಸಂಬಳದ ಇಬ್ಬರು ಉಳಿಯುತ್ತಾರೆ ಎಂಬ ಲೆಕ್ಕದಲ್ಲಿ ಅನುಭವವೇ ಮುಳುವಾಗುತ್ತದೆ. ನಿಲ್ಲಿಸಬೇಕೆಂದಿರುವ ಯೋಜನೆಯಲ್ಲಿ ಅತ್ಯುತ್ತಮ ಕೆಲಸಗಾರ ಇದ್ದರೆ ಯೋಜನೆಯೊಂದಿಗೆ ಅವನೂ ಹೋಗುತ್ತಾನೆ. ಹಲವು ಸಲ ನೇರ ಮೇಲಧಿಕಾರಿಗೂ ಕೊನೆಯ ದಿನದವರೆಗೆ ಪಟ್ಟಿ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಬಾಯಿ ಬಿಡುವಂತಿಲ್ಲ. ಅವರದು ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ, ಪಟ್ಟಿ ಓದಿದ ಮರುವಾರ ಅವರ ಹೆಸರೇ ಬಂದದ್ದೂ ಉಂಟು.

ಹಳೆಯ ಕಾರ್ಖಾನೆಗಳ ನಿಯಮ ಸರಳವಾಗಿತ್ತು: ಕೊನೆಗೆ ಸೇರಿದವರು ಮೊದಲು ಹೊರಡಬೇಕು. ಅದು ಪ್ರತಿಭೆಗೆ ಕುರುಡಾಗಿತ್ತು, ನಿಜ. ಆದರೆ ಸರದಿ ಎಲ್ಲರಿಗೂ ಮೊದಲೇ ಗೊತ್ತಿತ್ತು, ಮುಲಾಜಿಗೆ ಅವಕಾಶವಿರಲಿಲ್ಲ, ಮತ್ತು ಬಹುಕಾಲ ದುಡಿದದ್ದಕ್ಕೆ ಒಂದು ಬೆಲೆಯಿತ್ತು.

ಇದನ್ನು ತಿಳಿಸುವ ರೀತಿ ಏಕೆ ಅಷ್ಟು ನಿರ್ದಯವಾಗಿರುತ್ತದೆ?

ಸಂಸ್ಥೆಗಳು ಕೊಡುವ ಕಾರಣ ಭದ್ರತೆ. ದತ್ತಾಂಶ ಕಳುವಾಗಬಾರದು, ಸಿಟ್ಟಿನಲ್ಲಿ ಯಾರೂ ಏನನ್ನೂ ಅಳಿಸಿಹಾಕಬಾರದು, ಆದ್ದರಿಂದ ಸುದ್ದಿ ಮುಟ್ಟುವ ಮೊದಲೇ ಪ್ರವೇಶ ರದ್ದಾಗಿರಬೇಕು. ಹೀಗಾಗಿ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಒಪ್ಪದಿದ್ದಾಗ ಕೆಲಸ ಹೋದದ್ದು ಗೊತ್ತಾಗುತ್ತದೆ. 2021ರ ಡಿಸೆಂಬರಿನಲ್ಲಿ ಬೆಟರ್ ಡಾಟ್ ಕಾಂ ಎಂಬ ಅಮೆರಿಕದ ಗೃಹಸಾಲ ಸಂಸ್ಥೆಯ ಮುಖ್ಯಸ್ಥರು ಸುಮಾರು 900 ಜನರನ್ನು ಒಂದೇ ಝೂಮ್ ಕರೆಯಲ್ಲಿ ತೆಗೆದರು. 2022ರ ಮಾರ್ಚಿನಲ್ಲಿ ಬ್ರಿಟನ್ನಿನ ಪಿ ಆಂಡ್ ಓ ಫೆರೀಸ್ ಸಂಸ್ಥೆಯು ಸುಮಾರು 800 ನಾವಿಕರಿಗೆ ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊ ತೋರಿಸಿ ಕೆಲಸ ಮುಗಿಯಿತೆಂದು ತಿಳಿಸಿತು. ಕಾರ್ಮಿಕ ಸಂಘಗಳೊಂದಿಗೆ ಸಮಾಲೋಚಿಸಬೇಕೆಂಬ ಕಾನೂನು ಗೊತ್ತಿದ್ದೂ ಅದನ್ನು ಪಾಲಿಸದಿರಲು ನಿರ್ಧರಿಸಿದೆವು ಎಂದು ಅದರ ಮುಖ್ಯಸ್ಥರು ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡರು.

ಭದ್ರತೆಯ ವಾದದಲ್ಲಿ ಹುರುಳಿಲ್ಲವೆಂದಲ್ಲ. ಪ್ರವೇಶವನ್ನು ಮೊಟಕುಗೊಳಿಸಿ, ವ್ಯಕ್ತಿಯನ್ನು ಮಾತ್ರ ಎದುರು ಕೂರಿಸಿಕೊಂಡು ಹೇಳಲು ಅದೇನೂ ಅಡ್ಡಿಯಲ್ಲ ಎಂಬುದಷ್ಟೇ ಇಲ್ಲಿನ ತಕರಾರು. ಎದುರು ಕೂತು ಹೇಳುವವರ ಮುಜುಗರವನ್ನು ತಪ್ಪಿಸುವುದಕ್ಕೇ ಈ ಏರ್ಪಾಡಿನ ಬಹುಪಾಲು ಹುಟ್ಟಿದೆ.

ಕೆಲಸ ಕಳೆದುಕೊಂಡವರ ಮೇಲೆ ಪರಿಣಾಮ ಎಷ್ಟು ಕಾಲ ಉಳಿಯುತ್ತದೆ?

ಸಾಮಾನ್ಯವಾಗಿ ಅಂದುಕೊಳ್ಳುವುದಕ್ಕಿಂತ ಬಹಳ ಹೆಚ್ಚು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹಲವು ವರ್ಷ ಒಂದೇ ಕಡೆ ದುಡಿದು ಸಾಮೂಹಿಕ ಕಡಿತಕ್ಕೆ ಒಳಗಾದವರ ದಾಖಲೆಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟವಾದ ಅಧ್ಯಯನವು, ಐದಾರು ವರ್ಷ ಕಳೆದ ಮೇಲೂ ಅವರ ವಾರ್ಷಿಕ ಗಳಿಕೆ ಹಿಂದಿಗಿಂತ ಸುಮಾರು ಶೇ. 25ರಷ್ಟು ಕಡಿಮೆ ಇತ್ತೆಂದು ತೋರಿಸಿತು. ಅದೇ ರಾಜ್ಯದ ಕೆಲಸಗಾರರನ್ನು ಕುರಿತು ಡೇನಿಯಲ್ ಸಲಿವನ್ ಮತ್ತು ಟಿಲ್ ಫಾನ್ ವಾಖ್ಟರ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಠೋರವಾದುದು: ಕೆಲಸ ಹೋದ ಮೊದಲ ವರ್ಷದಲ್ಲಿ ಸಾವಿನ ಪ್ರಮಾಣ ಶೇ. 50ರಿಂದ 100ರಷ್ಟು ಏರಿತ್ತು, ನಲವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವರ ಆಯುಸ್ಸು ಒಂದರಿಂದ ಒಂದೂವರೆ ವರ್ಷ ಕಡಿಮೆಯಾಗಬಹುದೆಂಬ ಅಂದಾಜಿತ್ತು.

ಇದರ ಬಹುಭಾಗ ಹಣದ ಕಥೆ. ಉಳಿದ ಭಾಗ ಗುರುತಿನದು. ನೀವೇನು ಮಾಡುತ್ತೀರಿ ಎಂದು ಯಾರಾದರೂ ಕೇಳಿದಾಗ ಬರುವ ಉತ್ತರ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ, ತಪ್ಪು ತನ್ನದಲ್ಲವೆಂದು ಬುದ್ಧಿಗೆ ಗೊತ್ತಿದ್ದರೂ ಮನಸ್ಸು ಒಪ್ಪುವುದಿಲ್ಲ, ಮನೆಯವರ ಎದುರು ಕೂಡ ಬೆಳಿಗ್ಗೆ ಎಂದಿನಂತೆ ಹೊರಟು ಸಂಜೆ ಮರಳುವವರಿದ್ದಾರೆ.

ಉಳಿದುಕೊಂಡವರ ಪಾಡೇನು?

ಮೊದಲು ನಿರಾಳ, ಹಿಂದೆಯೇ ಅಪರಾಧ ಭಾವ, ಆಮೇಲೆ ಇಬ್ಬರ ಕೆಲಸ. ಪಕ್ಕದ ಖಾಲಿ ಕುರ್ಚಿ ಯಾವ ಪ್ರಕಟಣೆಗಿಂತಲೂ ಸ್ಪಷ್ಟವಾಗಿ ಮಾತಾಡುತ್ತದೆ. ಜೋಯಲ್ ಬ್ರಾಕ್ನರ್ ಮತ್ತಿತರರ ಸಂಶೋಧನೆಗಳು ತೋರಿಸಿದಂತೆ, ಉಳಿದವರ ಮನಸ್ಸು ಮುರಿಯುವುದು ಎಷ್ಟು ಜನ ಹೋದರು ಎಂಬುದಕ್ಕಿಂತ ಹೆಚ್ಚಾಗಿ, ಹೋದವರನ್ನು ಹೇಗೆ ನಡೆಸಿಕೊಂಡರು ಮತ್ತು ಆಯ್ಕೆಗೆ ನ್ಯಾಯವಾದ ಕಾರಣವಿತ್ತೇ ಎಂಬುದರ ಮೇಲೆ ನಿಂತಿದೆ. ಅದನ್ನೆಲ್ಲ ಕಂಡು ಮನಸ್ಸು ಮುರಿದವರು ಹೊಸದಾಗಿ ಏನನ್ನೂ ಸೂಚಿಸುವುದಿಲ್ಲ, ತಪ್ಪನ್ನು ಎತ್ತಿ ತೋರಿಸುವುದಿಲ್ಲ, ರಜೆ ಕೇಳಲೂ ಹಿಂಜರಿಯುತ್ತಾರೆ; ಹೊರಗಿನಿಂದ ನೋಡಿದರೆ ಇದೇ ಶಿಸ್ತಿನಂತೆ ಕಾಣುತ್ತದೆ.

ಕಾನೂನು ಎಷ್ಟರಮಟ್ಟಿಗೆ ಕಾಯುತ್ತದೆ?

ದೇಶದಿಂದ ದೇಶಕ್ಕೆ ಅಜಗಜಾಂತರವಿದೆ. ಅಮೆರಿಕದಲ್ಲಿ 1988ರ ವಾರ್ನ್ ಕಾಯ್ದೆಯು ಕನಿಷ್ಠ 100 ನೌಕರರಿರುವ ಸಂಸ್ಥೆಗಳು ಸಾಮೂಹಿಕ ಕಡಿತಕ್ಕೆ 60 ದಿನ ಮೊದಲು ತಿಳಿಸಬೇಕೆನ್ನುತ್ತದೆ. ಪರಿಹಾರಧನ ಕೊಡಲೇಬೇಕೆಂಬ ಒಕ್ಕೂಟ ಮಟ್ಟದ ಕಾನೂನು ಅಲ್ಲಿಲ್ಲ. ಐರೋಪ್ಯ ಒಕ್ಕೂಟದ 1998ರ ನಿರ್ದೇಶನದಂತೆ ಕೆಲಸಗಾರರ ಪ್ರತಿನಿಧಿಗಳೊಂದಿಗೆ ಮೊದಲು ಸಮಾಲೋಚನೆ ನಡೆಯಬೇಕು, ಸರ್ಕಾರಿ ಪ್ರಾಧಿಕಾರಕ್ಕೂ ತಿಳಿಸಬೇಕು. ಜಪಾನಿನ ನ್ಯಾಯಾಲಯಗಳು ಕಡಿತದ ಅಗತ್ಯವಿತ್ತೇ, ತಪ್ಪಿಸಲು ಪ್ರಯತ್ನಿಸಿದರೇ, ಆಯ್ಕೆ ನ್ಯಾಯಯುತವೇ, ವಿವರಿಸಿ ಹೇಳಿದರೇ ಎಂಬ ನಾಲ್ಕು ಒರೆಗಲ್ಲುಗಳನ್ನು ಬೆಳೆಸಿಕೊಂಡಿವೆ. ಭಾರತದಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಒಂದು ತಿಂಗಳ ನೋಟಿಸ್ ಮತ್ತು ಪ್ರತಿ ಸೇವಾವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರವನ್ನು ತಂದಿತು. ದೊಡ್ಡ ಕಾರ್ಖಾನೆಗಳು ಸರ್ಕಾರದ ಪೂರ್ವಾನುಮತಿ ಪಡೆಯಬೇಕೆಂಬ ನಿಯಮದ ಮಿತಿಯನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 100 ಕೆಲಸಗಾರರಿಂದ 300ಕ್ಕೆ ಏರಿಸಿತು.

ಕಾನೂನು ಬಿಗಿಯಾದಲ್ಲಿ ಅಡ್ಡದಾರಿಗಳೂ ಹುಟ್ಟುತ್ತವೆ. ಜಪಾನಿನಲ್ಲಿ ಬೇಡವಾದವರನ್ನು ಏನೂ ಕೆಲಸವಿಲ್ಲದ ಕೋಣೆಯಲ್ಲಿ ಕೂರಿಸಿ ತಾವಾಗಿಯೇ ಬಿಡುವಂತೆ ಮಾಡುವುದಕ್ಕೆ ಓಡಿಸುವ ಕೋಣೆ ಎಂಬ ಅರ್ಥದ ಹೆಸರೇ ಇದೆ. ಬೇರೆಡೆ ಇದ್ದಕ್ಕಿದ್ದಂತೆ ಕೆಲಸದ ಗುಣಮಟ್ಟ ಸರಿಯಿಲ್ಲವೆಂದು ಸುಧಾರಣಾ ಯೋಜನೆಗೆ ಹಾಕುವುದು, ರಾಜೀನಾಮೆ ಕೊಟ್ಟರೆ ಅನುಭವ ಪತ್ರ ಚೆನ್ನಾಗಿರುತ್ತದೆ ಎಂದು ಒತ್ತಾಯಿಸುವುದು ನಡೆಯುತ್ತದೆ. ಹಾಗೆ ಒತ್ತಾಯಿಸಿದಾಗ ಆ ಕ್ಷಣದಲ್ಲೇ ಸಹಿ ಹಾಕಬೇಡಿ. ರಾಜೀನಾಮೆ ಎಂದಾದೊಡನೆ ಕಡಿತಕ್ಕೆ ಸಲ್ಲುವ ಹಕ್ಕುಗಳು ಕೈತಪ್ಪಬಹುದು. ಕಾಗದವನ್ನು ಮನೆಗೆ ಒಯ್ದು, ಬಲ್ಲವರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ.

ಜನರನ್ನು ತೆಗೆಯದೆ ಕಷ್ಟಕಾಲ ದಾಟಿದ ಕಂಪನಿಗಳು ಇವೆಯೇ?

ಇವೆ. ಅಮೆರಿಕದ ಲಿಂಕನ್ ಎಲೆಕ್ಟ್ರಿಕ್ ಎಂಬ ಬೆಸುಗೆ ಉಪಕರಣಗಳ ಕಂಪನಿಯು 1958ರಿಂದ ಖಾತರಿ ಉದ್ಯೋಗದ ನೀತಿಯನ್ನು ಪಾಲಿಸುತ್ತಾ ಬಂದಿತು. 1980ರ ದಶಕದ ಆರಂಭದ ಹಿಂಜರಿತದಲ್ಲಿ ಕಾರ್ಖಾನೆಯ ಕೆಲಸಗಾರರನ್ನೇ ತರಬೇತಿ ಕೊಟ್ಟು ಮಾರಾಟಕ್ಕೆ ಕಳುಹಿಸಿತು. ಪ್ರತಿಯಾಗಿ ಕೆಲಸಗಾರರು ಕೆಲಸದ ವೇಳೆ ಕಡಿಮೆಯಾಗುವುದನ್ನೂ, ಬೇರೆ ಕೆಲಸಕ್ಕೆ ಹಾಕುವುದನ್ನೂ ಒಪ್ಪಬೇಕಿತ್ತು. ಫೋಕ್ಸ್‌ವಾಗನ್ 1993ರಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡು ಕೆಲಸದ ವಾರವನ್ನು 28.8 ಗಂಟೆಗೆ ಇಳಿಸಿ ಸುಮಾರು 30,000 ಹುದ್ದೆಗಳನ್ನು ಉಳಿಸಿತು. ಜರ್ಮನಿಯಲ್ಲಿ ಕೆಲಸದ ವೇಳೆ ಕಡಿತವಾದಾಗ ಕಳೆದುಹೋದ ವೇತನದ ಒಂದು ಪಾಲನ್ನು ಸರ್ಕಾರಿ ವಿಮೆ ತುಂಬಿಕೊಡುವ ಏರ್ಪಾಡು ಇದೆ. 2009ರ ಹಿಂಜರಿತದ ಉತ್ತುಂಗದಲ್ಲಿ 14 ಲಕ್ಷಕ್ಕೂ ಹೆಚ್ಚು ಜನ ಅದರಡಿ ಕೆಲಸ ಉಳಿಸಿಕೊಂಡರು. 2014ರ ಜನವರಿಯಲ್ಲಿ ನಿಂಟೆಂಡೊ ಮುಖ್ಯಸ್ಥ ಸತೋರು ಇವಾಟಾ ಮಾರಾಟದ ಕುಸಿತಕ್ಕೆ ತಮ್ಮ ಸಂಬಳವನ್ನೇ ಐದು ತಿಂಗಳು ಅರ್ಧಕ್ಕೆ ಇಳಿಸಿಕೊಂಡರು. ಕೆಲಸ ಹೋಗುವ ಭಯದಲ್ಲಿರುವವರು ಜಗತ್ತನ್ನು ರಂಜಿಸುವ ಆಟಗಳನ್ನು ಮಾಡಲಾರರು ಎಂಬ ನಂಬಿಕೆ ಅವರದಾಗಿತ್ತು.

ಆದರೆ ಈ ಪಟ್ಟಿ ಬೆಳೆಯುತ್ತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವಾಗನ್ ಮೂವತ್ತು ವರ್ಷಗಳ ಉದ್ಯೋಗ ಖಾತರಿಯನ್ನು ರದ್ದು ಮಾಡಿತು. ಕಾರ್ಮಿಕ ಸಂಘ ಪಟ್ಟುಹಿಡಿದು ಡಿಸೆಂಬರಿನಲ್ಲಿ ಅದನ್ನು 2030ರವರೆಗೆ ಮರಳಿ ಪಡೆಯಿತಾದರೂ, ಬಲವಂತವಿಲ್ಲದೆ 35,000ಕ್ಕೂ ಹೆಚ್ಚು ಹುದ್ದೆಗಳನ್ನು ಇಳಿಸುವುದಕ್ಕೆ ಒಪ್ಪಬೇಕಾಯಿತು. ತನ್ನ 53 ವರ್ಷಗಳ ಇತಿಹಾಸದಲ್ಲಿ ಸಾಮೂಹಿಕ ಕಡಿತವನ್ನೇ ಮಾಡದಿದ್ದ ಸೌತ್‌ವೆಸ್ಟ್ ಏರ್‌ಲೈನ್ಸ್ 2025ರ ಫೆಬ್ರವರಿಯಲ್ಲಿ 1,750 ಕಚೇರಿ ಹುದ್ದೆಗಳನ್ನು ತೆಗೆಯುವುದಾಗಿ ಹೇಳಿತು.

ಈಗಿನ ಯುವಕರಿಗೆ ನಿಷ್ಠೆಯೇ ಇಲ್ಲ ಎನ್ನುತ್ತಾರಲ್ಲ?

ಅಂಕಿಅಂಶಗಳು ಬೇರೊಂದು ಕಥೆ ಹೇಳುತ್ತವೆ. ಯುವಕರು ಎಲ್ಲ ಕಾಲದಲ್ಲೂ ಕೆಲಸ ಬದಲಿಸಿದವರೇ. ಅಮೆರಿಕದ ಸರ್ಕಾರಿ ದಾಖಲೆಗಳಲ್ಲಿ ನಿಜವಾಗಿ ಕುಸಿದದ್ದು ಹಿರಿಯ ಗಂಡಸರ ಸೇವಾವಧಿ: 55ರಿಂದ 64 ವಯಸ್ಸಿನವರು ಒಂದೇ ಮಾಲೀಕನ ಬಳಿ ಕಳೆದ ಮಧ್ಯಕ ಅವಧಿ 1983ರಲ್ಲಿ 15 ವರ್ಷ ಮೀರಿತ್ತು, 2000ದ ಹೊತ್ತಿಗೆ ಸುಮಾರು 10ಕ್ಕೆ ಇಳಿದಿತ್ತು. ಉಳಿಯಬೇಕೆಂದಿದ್ದ ಪೀಳಿಗೆಯನ್ನು ಮೊದಲು ಹೊರಗೆ ಕಳುಹಿಸಲಾಯಿತು. ಅಪ್ಪ ಇಪ್ಪತ್ತೈದು ವರ್ಷದ ಸೇವೆಯ ನಂತರ ಒಂದು ರಟ್ಟಿನ ಪೆಟ್ಟಿಗೆಯೊಂದಿಗೆ ಮನೆಗೆ ಬಂದುದನ್ನು ಕಂಡ ಮಗಳು, ತನ್ನ ಮೊದಲ ಕೆಲಸದ ಎರಡನೆಯ ವರ್ಷದಲ್ಲೇ ಬೇರೆಡೆ ಅರ್ಜಿ ಹಾಕಿದರೆ ಅವಳು ಪಾಠವನ್ನು ಸರಿಯಾಗಿ ಕಲಿತಿದ್ದಾಳೆ ಎಂದೇ ಹೇಳಬೇಕು. ಅವಳಿಗೆ ಉಪ್ಪಿನ ಋಣವನ್ನು ನೆನಪಿಸುವವರು ಋಣ ಎರಡೂ ಕಡೆಯಿಂದ ಇರುತ್ತದೆಂಬುದನ್ನು ಹೇಳುವುದಿಲ್ಲ.

ಕಂಪನಿಯು ತನ್ನನ್ನು ಕುಟುಂಬವೆಂದು ಕರೆದುಕೊಂಡರೆ ನಂಬಬೇಕೆ?

ಬೇಡ. ಕುಟುಂಬ ಯಾರನ್ನೂ ತ್ರೈಮಾಸಿಕ ಫಲಿತಾಂಶ ನೋಡಿ ಹೊರಗೆ ಹಾಕುವುದಿಲ್ಲ. ನಾವು ತಂಡ, ಕುಟುಂಬವಲ್ಲ ಎಂದು 2009ರಲ್ಲೇ ಬಹಿರಂಗವಾಗಿ ಹೇಳಿದ ನೆಟ್‌ಫ್ಲಿಕ್ಸ್‌ನ ಮಾತು ಕಟುವಾಗಿದ್ದರೂ ಪ್ರಾಮಾಣಿಕವಾಗಿತ್ತು.

ಹಾಗೆಂದು ಯಾವುದಕ್ಕೂ ನಿಷ್ಠರಾಗಿರಬಾರದು ಎಂದಲ್ಲ. ಕೆಲಸದ ಬಗೆಗಿನ ನಿಷ್ಠೆ, ಜೊತೆಗೆ ದುಡಿಯುವವರ ಬಗೆಗಿನ ನಿಷ್ಠೆ, ಕಂಪನಿಯ ಬಗೆಗಿನ ನಿಷ್ಠೆ ಇವು ಬೇರೆಬೇರೆ, ಮತ್ತು ಸಂಸ್ಥೆಗಳು ಮೊದಲಿನ ಎರಡನ್ನು ಮೂರನೆಯದರ ಲೆಕ್ಕಕ್ಕೆ ಬರೆದುಕೊಳ್ಳುವುದರಲ್ಲಿ ಚತುರರು. ತಡರಾತ್ರಿ ಕೂತು ಕೆಲಸ ಮುಗಿಸುವವರಲ್ಲಿ ಅನೇಕರು ಹಾಗೆ ಮಾಡುವುದು ಮರುದಿನ ಪಕ್ಕದವರಿಗೆ ತೊಂದರೆಯಾಗಬಾರದೆಂದು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಹೇಳಿದ್ದು ಇಲ್ಲಿ ಉಪಯುಕ್ತ: ಸಂಸ್ಥೆ ಹದಗೆಟ್ಟಾಗ ಜನರ ಮುಂದೆ ಹೊರಡುವುದು ಮತ್ತು ದನಿ ಎತ್ತುವುದು ಎಂಬ ಎರಡು ದಾರಿಗಳಿರುತ್ತವೆ, ನಿಷ್ಠೆಯಿದ್ದವರು ಹೊರಡುವುದನ್ನು ಮುಂದೂಡಿ ದನಿ ಎತ್ತುತ್ತಾರೆ. ನಿಷ್ಠೆಯನ್ನು ಕಳೆದುಕೊಂಡ ಕಂಪನಿಗೆ ದೂರು ಹೇಳುವವರು ಸಿಗುವುದಿಲ್ಲ, ರಾಜೀನಾಮೆ ಪತ್ರಗಳಷ್ಟೇ ಸಿಗುತ್ತವೆ.

ಕಂಪನಿ ನಿಮಿಷಗಳಲ್ಲಿ ಕಳುಹಿಸುವಾಗ ನಾನೇಕೆ ಪೂರ್ಣ ನೋಟಿಸ್ ಅವಧಿ ಪೂರೈಸಬೇಕು?

ಒಪ್ಪಂದದಲ್ಲಿ ಸಹಿ ಹಾಕಿದ್ದೀರಿ ಎಂಬುದು ಕಾನೂನಿನ ಉತ್ತರ. ಉಳಿದಂತೆ, ನಿಮ್ಮ ಕೆಲಸ ನಾಳೆ ಯಾರ ಮೇಲೆ ಬೀಳುತ್ತದೆ ಎಂದು ಯೋಚಿಸಿ ನಿರ್ಧರಿಸಿ. ಆ ವ್ಯಕ್ತಿ ಸಾಮಾನ್ಯವಾಗಿ ಆಡಳಿತ ಮಂಡಳಿಯಲ್ಲಿ ಇರುವುದಿಲ್ಲ.

ತೆಗೆದ ಕಂಪನಿಯೇ ಒಂದು ವರ್ಷದ ನಂತರ ಮರಳಿ ಕರೆದರೆ ಹೋಗಬಹುದೇ?

ಹೋಗಬಹುದು, ಮತ್ತು ಹಾಗೆ ಹೋದವರು ಅನೇಕರಿದ್ದಾರೆ. ಅದರಲ್ಲಿ ಸ್ವಾಭಿಮಾನದ ಪ್ರಶ್ನೆಗಿಂತ ಷರತ್ತುಗಳ ಪ್ರಶ್ನೆ ದೊಡ್ಡದು. ಕರೆಯುತ್ತಿದ್ದಾರೆಂದರೆ ತೆಗೆದದ್ದು ತಪ್ಪೆಂದು ಅವರಿಗೆ ಗೊತ್ತಾಗಿದೆ ಎಂದರ್ಥ, ಆದ್ದರಿಂದ ಮಾತುಕತೆಯಲ್ಲಿ ನಿಮ್ಮ ಕೈ ಮೇಲಿರುವ ಅಪರೂಪದ ಸಂದರ್ಭ ಅದು. ಹಿಂದಿನ ಸೇವಾವಧಿಯನ್ನು ರಜೆ ಮತ್ತು ನಿವೃತ್ತಿ ಸೌಲಭ್ಯಗಳಿಗೆ ಲೆಕ್ಕ ಹಿಡಿಯುತ್ತಾರೆಯೇ, ಪಡೆದ ಪರಿಹಾರಧನವನ್ನು ಮರಳಿ ಕೇಳುತ್ತಾರೆಯೇ, ಮತ್ತೊಮ್ಮೆ ಹುದ್ದೆ ರದ್ದಾದರೆ ಎಷ್ಟು ತಿಂಗಳ ವೇತನ ಕೊಡುತ್ತಾರೆ ಎಂಬ ಮೂರನ್ನು ಕೇಳಿ. ಮೂರಕ್ಕೂ ಉತ್ತರವನ್ನು ನೇಮಕಪತ್ರದಲ್ಲೇ ಬರೆಯಿಸಿಕೊಳ್ಳಿ. ಕರೆದವರು ನಿಮ್ಮ ಹಳೆಯ ಮೇಲಧಿಕಾರಿಯೇ ಆಗಿದ್ದು, ನನ್ನ ಮಾತಿನ ಮೇಲೆ ನಂಬಿಕೆಯಿಲ್ಲವೇ ಎಂದು ಕೇಳಿದರೆ, ನಂಬಿಕೆಯಿದೆ, ಆದರೆ ಮುಂದಿನ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಬಹುದಲ್ಲ ಎಂದು ವಿನಯದಿಂದಲೇ ಹೇಳಬಹುದು.